‘ದುರಸ್ತಿ ದೋಷ’ ಅಂದರೆ ಯಾವ ದೋಷ?

ಶಿರಸಿಯಿಂದ ಒಂದು ಪದದ ತಕರಾರು. ಮಕ್ಕಳ ಅಪರೂಪದ ಕಾಯಿಲೆಗಳ ಬಗ್ಗೆ ಪಾಲಕರಿಗಾಗಿ ನಾಲ್ಕು ಪುಟ ಕನ್ನಡ ಮಾಡುತ್ತಿದ್ದೇನೆ. ಮೊದಲ ಸಾಲಲ್ಲೇ ಸಿಕ್ಕಿಬಿದ್ದೆ. ‘ಆನುವಂಶಿಕ ಡಿಎನ್‌ಎ ದುರಸ್ತಿ ದೋಷ’ ಅಂತ ಬರೆದು, ಓದಿ ನೋಡಿ ಅಂತ ಅತ್ತೆಗೆ ಕೊಟ್ಟೆ. ಅವರು ಅಡಿಕೆ ಸುಲಿಯೋದು ಬಿಟ್ಟು, ಕೈ ಒರೆಸಿಕೊಂಡು, ಎರಡು ಸಲ ಓದಿದರು. “ಎಂತ ದೋಷನೇ ಕೂಸೆ? ಗೋಕರ್ಣಕ್ಕೆ ಹೋಗಿ ಎಂತಾರೂ ಮಾಡ್ಸವನ?” ಅಂದರು.

ನಗು ಬಂತು, ಆದರೆ ತಪ್ಪು ಅವರದಲ್ಲ. ನಮ್ಮ ಕಡೆ ‘ವಂಶ’ದ ಪಕ್ಕ ‘ದೋಷ’ ಬಂದರೆ ನಾಗದೋಷ, ಪಿತೃದೋಷವೇ ನೆನಪಾಗುತ್ತದೆ. ಸೊಸೆ ಯಾವ ಮನೆಯವಳು ಅನ್ನೋದಕ್ಕೆ ಮಾತು ಹೋಗುತ್ತದೆ. ನಿಜ ಸಂಗತಿ ಬೇರೆ. ಕೆಟ್ಟ ಡಿಎನ್‌ಎಯನ್ನು ಸರಿಮಾಡುವ ಜೀವಕೋಶದ ಶಕ್ತಿ ಹುಟ್ಟಿನಿಂದಲೇ ಕಡಿಮೆ ಇರೋದು, ಅಷ್ಟೇ. ಇಂಥ ಕಾಯಿಲೆಗಳಲ್ಲಿ ಹಲವಕ್ಕೆ ತಾಯಿ, ತಂದೆ ಇಬ್ಬರಿಂದಲೂ ಒಂದು ಜೀನಿನ ಕೆಟ್ಟ ಪ್ರತಿ ಬಂದು ಸೇರಬೇಕು. ಒಂದೇ ಕೆಟ್ಟ ಪ್ರತಿ ಇರುವ ಅಪ್ಪ, ಅಮ್ಮ ಸಾಮಾನ್ಯವಾಗಿ ಆರಾಮಾಗೇ ಇರುತ್ತಾರೆ. ಇಬ್ಬರಲ್ಲೂ ಹಾಗೆ ಒಂದೊಂದು ಇದ್ದರೆ ಪ್ರತಿ ಬಸಿರಿಗೂ ಕಾಯಿಲೆಯ ಸಂಭವ 4ರಲ್ಲಿ 1. ಹಾಗಾಗಿ “ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ” ಅನ್ನೋದೂ ನಿಜವೇ. ‘ವಂಶಪಾರಂಪರ್ಯ’ ಅಂತ ಬರೆದರೆ ಅವರು ನಂಬೋದು ಹೇಗೆ? ‘ಹುಟ್ಟಿನಿಂದ ಬಂದ ರಿಪೇರಿ ಕೊರತೆ’ ಅಂದರೆ ಸಾಕಲ್ವಾ?

‘ರಿಪೇರಿ’ಯೋ ‘ದುರಸ್ತಿ’ಯೋ, ನನಗೆ ಎರಡೂ ಅಡ್ಡಿಲ್ಲ. ಒಬ್ಬರು ‘ತೇಪೆ’ ಅನ್ನಿ ಅಂದರು. ಅದು ಆಗದು. ತೇಪೆ ಅಂದರೆ ಹರಿದದ್ದರ ಮೇಲೆ ಹಚ್ಚೋದು. ಬಿಸಿಲಿನಿಂದ ಡಿಎನ್‌ಎ ಕೆಟ್ಟಾಗ ಜೀವಕೋಶ ಹಾಗೆ ಮಾಡೋದಿಲ್ಲ. ಕೆಟ್ಟ ಜಾಗದ ಆಚೀಚೆ ಸೇರಿಸಿ ಒಂದು ಎಳೆಯ ಸುಮಾರು 30 ಅಕ್ಷರಗಳನ್ನು (ಡಿಎನ್‌ಎ ಎಳೆಯ ಬಿಡಿ ತುಣುಕುಗಳು) ಕತ್ತರಿಸಿ ತೆಗೆಯುತ್ತದೆ, ಎದುರಿನ ಎಳೆ ನೋಡಿಕೊಂಡು ಹೊಸದಾಗಿ ತುಂಬುತ್ತದೆ. ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಸರಿಮಾಡೋದನ್ನು ನೋಡಿದವರಿಗೆ ಇದು ಸಲೀಸು. ಕಾಲು ಚಾಚಿ ಕೂತು, ಬಲೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಮೊದಲು ಹರಿದ ಕಣ್ಣುಗಳ ಚಿಂದಿ ಕತ್ತರಿಸುತ್ತಾರೆ. ಗಟ್ಟಿ ಗಂಟು ಸಿಕ್ಕ ಮೇಲೆಯೇ ಹೊಸ ನೂಲು.

ಈ ಕೆಲಸ ಹುಟ್ಟಿನಿಂದಲೇ ನಡೆಯದ ಕಾಯಿಲೆ ಕ್ಸೆರೋಡರ್ಮಾ ಪಿಗ್ಮೆಂಟೋಸಮ್. ಇದನ್ನು 1968ರಲ್ಲಿ ತೋರಿಸಿದವರು ವಿಜ್ಞಾನಿ ಜೇಮ್ಸ್ ಕ್ಲೀವರ್. ಚಿಕ್ಕ ವಯಸ್ಸಿಗೇ ಚರ್ಮದ ಕ್ಯಾನ್ಸರ್ ಬರುತ್ತದೆ, ಕೆಲವು ಮಕ್ಕಳಲ್ಲಿ ನರಗಳೂ ಸೊರಗುತ್ತವೆ. ಆದರೆ ಅದೇ ದುರಸ್ತಿಯ ಇನ್ನೊಂದು ಕವಲು ಕೆಟ್ಟು ಬರುವ ಕಾಕೇನ್ (Cockayne) ಸಿಂಡ್ರೋಮಿನಲ್ಲಿ ಮೈಗೆ ಬಿಸಿಲು ಆಗದು, ಮಿದುಳು ಸರಿಯಾಗಿ ಬೆಳೆಯದು, ಕ್ಯಾನ್ಸರ್ ಮಾತ್ರ ಜಾಸ್ತಿಯಾಗೋದಿಲ್ಲ. ಅದಕ್ಕೇ ‘ಕ್ಯಾನ್ಸರ್ ತರುವ ಕಾಯಿಲೆಗಳು’ ಅನ್ನೋ ತಲೆಬರಹ ಹೊಡೆದುಹಾಕಿದೆ. ಒಡೆದು ಎರಡಾಗುತ್ತಾ ಹೋಗುವ ಜೀವಕೋಶದಲ್ಲಿ ತಪ್ಪು ಉಳಿದರೆ ಕ್ಯಾನ್ಸರಿನ ಭಯ. ನರಕೋಶ ಹಾಗೆ ಎರಡಾಗೋದಿಲ್ಲ, ಹುಟ್ಟಿದ್ದೇ ಕೊನೆಯವರೆಗೆ ಬಾಳಬೇಕು. ಅಲ್ಲಿ ತಪ್ಪು ಸುಮ್ನೆ ಸೇರುತ್ತಾ ಹೋಗಿ ಕೋಶವೇ ಸಾಯುತ್ತದೆ.

ಕ್ಯಾನ್ಸರ್, ನರದ ತೊಂದರೆ ಎರಡೂ ಒಟ್ಟಿಗೆ ಎದ್ದು ಕಾಣೋದು ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾದಲ್ಲಿ. ಎಟಿಎಂ ಅನ್ನೋ ಜೀನ್ ಕೆಟ್ಟಿರುತ್ತದೆ (1995ರಲ್ಲಿ ಸಿಕ್ಕಿತು, ದುಡ್ಡಿನ ಎಟಿಎಂ ಅಲ್ಲ ಅಂತ ಅಡಿಟಿಪ್ಪಣಿ ಹಾಕಬೇಕೋ ಏನೋ). ಮಗು ವೇಳೆಗೆ ಸರಿಯಾಗೇ ನಡೆಯಲು ಕಲಿಯುತ್ತದೆ, ಆದರೆ ನಡಿಗೆ ಗಟ್ಟಿಯಾಗೋದೇ ಇಲ್ಲ. ಆಮೇಲೆ ಕಣ್ಣಿನ ಬಿಳಿಯಲ್ಲಿ ಕೆಂಪು ಎಳೆಗಳು. ರಕ್ತದ ಕ್ಯಾನ್ಸರಿನ ಸಂಭವ ಜಾಸ್ತಿ. ವಿಕಿರಣ ತಡೆಯದ ಮೈ, ಹಾಗಾಗಿ ಎಕ್ಸ್‌ರೇ, ಸಿಟಿ ಸ್ಕ್ಯಾನನ್ನೂ ಬೇಕೇ ಬೇಕಾದಾಗ ಮಾತ್ರ ಮಾಡುತ್ತಾರೆ. ಈ ನಡಿಗೆಗೆ ‘ತೂರಾಟ’ ಅಂತ ಬರೆದಿದ್ದೆ. ಕುಡುಕನ ನೆನಪಾಗುತ್ತದೆ ಅಂತ ತೆಗೆದೆ. ‘ಹೊಯ್ದಾಟ’ ಹಾಕಿದ್ದೇನೆ, ಅಲೆಗೆ ಸಿಕ್ಕ ದೋಣಿಗೆ ಹೇಳುವ ಹಾಗೆ.

ಕೊನೆಗೆ ‘ವಾಹಕ’. ಒಂದು ಕೆಟ್ಟ ಪ್ರತಿ ಇಟ್ಟುಕೊಂಡವರಿಗೆ ಪುಸ್ತಕದಲ್ಲಿ ಇದೇ ಪದ. ಮಂಗನ ಕಾಯಿಲೆಯ ಸಿದ್ದಾಪುರದ ಕಡೆ ‘ರೋಗವಾಹಕ’ ಅಂದರೆ ಉಣ್ಣಿ! ಎಟಿಎಂನ ಒಂದು ಪ್ರತಿ ಕೆಟ್ಟಿರುವ ತಾಯಿಗೆ ಸ್ತನ ಕ್ಯಾನ್ಸರಿನ ಸಂಭವ ಜಾಸ್ತಿ, ಅವಳಿಗೆ ತಪಾಸಣೆಗೆ ಹೋಗು ಅಂತ ಹೇಳಲೇಬೇಕು. ಉಣ್ಣಿಯ ಸಾಲಿಗೆ ಸೇರಿಸಿ ಹೇಳೋದು ಹೇಗೆ? ಸದ್ಯಕ್ಕೆ ‘ಒಂದು ಪ್ರತಿ ಇರುವವರು’ ಅಂತ ಉದ್ದಕ್ಕೆ ಬರೆದಿದ್ದೇನೆ. ಇದಕ್ಕೊಂದು ಚಿಕ್ಕ ಪದ ಯಾರಿಗಾದರೂ ಹೊಳೆದರೆ ಹೇಳಿ. ಹಾಗೇ ಅಂಕೋಲೆ, ಕುಮಟೆ ಕಡೆಯವರು, ಹರಿದ ಬಲೆ ಸರಿಮಾಡೋದಕ್ಕೆ ಮನೆಯಲ್ಲಿ ಒಂದೇ ಮಾತಲ್ಲಿ ಏನು ಅಂತೀರಿ?