ಎರಡು ತಿಂಗಳ ಮುಂಗಡದ ನಿಯಮ ಕರ್ನಾಟಕದಲ್ಲಿ ಜಾರಿಯಲ್ಲಿದೆಯೇ?

ಪ್ರಶ್ನೆ: ವಿಜಯನಗರದ ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ವಿಜಯನಗರದಲ್ಲಿ ನಾಲ್ಕು ವರ್ಷಗಳಿಂದ ಒಂದೇ ಮನೆಯಲ್ಲಿ ಬಾಡಿಗೆಗಿದ್ದೇವೆ. ತಿಂಗಳ ಬಾಡಿಗೆ 18,000 ರೂಪಾಯಿ. ಸೇರುವಾಗ ಕೊಟ್ಟ ಮುಂಗಡ 1,50,000 ರೂಪಾಯಿ. 11 ತಿಂಗಳ ಕರಾರು ಪತ್ರವನ್ನು ಎರಡು ಸಲ ಮಾಡಿಕೊಂಡೆವು, ಆಮೇಲೆ ಮಾಲೀಕರೂ ಕೇಳಲಿಲ್ಲ, ನಾವೂ ನೆನಪಿಸಲಿಲ್ಲ. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂಬ ‘ಹೊಸ ಬಾಡಿಗೆ ಕಾನೂನು’ ಬಂದಿದೆಯೆಂದು ವಾಟ್ಸಾಪಿನಲ್ಲಿ ಓದಿದೆ. ಹಾಗಿದ್ದರೆ ಉಳಿದ 1,14,000 ರೂಪಾಯಿಯನ್ನು ಈಗಲೇ ವಾಪಸು ಕೇಳಬಹುದೇ? ಮುಂದಿನ ತಿಂಗಳು ಮನೆ ಖಾಲಿ ಮಾಡುವವರಿದ್ದೇವೆ. ಸುಣ್ಣ-ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದಾಗಿಯೂ, ಅಡುಗೆಮನೆಯ ಗೋಡೆಗೆ ಹಿಡಿದಿರುವ ತೇವಕ್ಕೆ ನಾವೇ ಕಾರಣರೆಂದೂ ಮಾಲೀಕರು ಈಗಾಗಲೇ ಹೇಳಿದ್ದಾರೆ.

ಉತ್ತರ 1: ಸಿವಿಲ್ ವಕೀಲ

ನೀವು ಓದಿದ್ದು 2021ರ ಜೂನ್ 2ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯ ಅಂಶ. ವಾಸದ ಮನೆಗೆ ಎರಡು ತಿಂಗಳು, ಇತರ ಕಟ್ಟಡಗಳಿಗೆ ಆರು ತಿಂಗಳು ಎಂಬ ಮುಂಗಡದ ಮಿತಿ ಅದರಲ್ಲಿರುವುದು ನಿಜ. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ಮನೆ ಬಾಡಿಗೆಯ ವಿಷಯದಲ್ಲಿ ಶಾಸನ ಮಾಡುವುದು ರಾಜ್ಯಗಳ ಕೆಲಸವಾದ್ದರಿಂದ, ರಾಜ್ಯವೊಂದು ತನ್ನದೇ ಕಾಯಿದೆಯ ಮೂಲಕ ಅದನ್ನು ಅಳವಡಿಸಿಕೊಳ್ಳುವವರೆಗೆ ಅಲ್ಲಿನ ಮಾಲೀಕರನ್ನಾಗಲಿ ಬಾಡಿಗೆದಾರರನ್ನಾಗಲಿ ಅದು ಕಟ್ಟಿಹಾಕುವುದಿಲ್ಲ. ಉತ್ತರ ಪ್ರದೇಶ ಮತ್ತು ಅಸ್ಸಾಂ ಆ ದಾರಿಯಲ್ಲಿ ಶಾಸನ ಮಾಡಿವೆ. ತಮಿಳುನಾಡು ಅದಕ್ಕೂ ಮೊದಲೇ, 2017ರ ತನ್ನ ಕಾಯಿದೆಯಲ್ಲಿ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಮೂರು ತಿಂಗಳು ಎಂದಿತು. ಕರ್ನಾಟಕದಲ್ಲಿ ಅಂಥ ಮಿತಿ ಇಲ್ಲ. ಅಲ್ಲದೆ ಮಾದರಿ ಕಾಯಿದೆಯನ್ನು ರೂಪಿಸಿರುವುದೇ ಮುಂದಿನ ಬಾಡಿಗೆಗಳಿಗಾಗಿ, ನಡೆಯುತ್ತಿರುವ ಬಾಡಿಗೆಗಳಿಗಲ್ಲ.

ನಮ್ಮಲ್ಲಿರುವುದು 1999ರ ಕರ್ನಾಟಕ ಬಾಡಿಗೆ ಕಾಯಿದೆ. 2001ರ ಡಿಸೆಂಬರ್ 31ರಂದು ಜಾರಿಗೆ ಬಂದು 1961ರ ಹಳೆಯ ನಿಯಂತ್ರಣ ಕಾಯಿದೆಯ ಜಾಗವನ್ನು ಪಡೆಯಿತು. ಆದರೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರ ಪ್ರದೇಶಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇಂದು ವಿಜಯನಗರದಲ್ಲಿ 3,500 ರೂಪಾಯಿಗೆ ಸ್ಕೂಟರ್ ನಿಲ್ಲಿಸುವ ಜಾಗ ಸಿಕ್ಕರೆ ಹೆಚ್ಚು. ಆದ್ದರಿಂದ ನಿಮ್ಮ ಬಾಡಿಗೆ ನಡೆಯುವುದು 1882ರ ಆಸ್ತಿ ವರ್ಗಾವಣೆ ಕಾಯಿದೆಯಡಿ ಮತ್ತು ನೀವು ಸಹಿ ಮಾಡಿದ ಕರಾರಿನಂತೆ. ಕರಾರಿನ ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತಾ ಬಂದಿರುವುದರಿಂದ ಅದು ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆಯಾಗಿದೆ. ಬೇರೆ ಒಪ್ಪಂದವಿಲ್ಲದಿದ್ದರೆ ಯಾವ ಕಡೆಯವರಾದರೂ 15 ದಿನಗಳ ನೋಟಿಸ್ ಕೊಟ್ಟು ಅದನ್ನು ಕೊನೆಗೊಳಿಸಬಹುದು.

1,14,000 ರೂಪಾಯಿಯನ್ನು ಇದ್ದುಕೊಂಡೇ ವಾಪಸು ಕೇಳಲು ಆಧಾರವಿಲ್ಲ. ಖಾಲಿ ಮಾಡಿದ ದಿನ ಪೂರ್ತಿ ಮುಂಗಡವನ್ನು ಕೇಳಲು ಖಂಡಿತ ಆಧಾರವಿದೆ. ಸಾಮಾನ್ಯ ಬಳಕೆಯಿಂದ ಆಗುವ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂಬುದು ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮಿನಲ್ಲೇ ಇದೆ. ಆದರೆ ಸುಣ್ಣ-ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಎಂದು ಕರಾರಿನಲ್ಲಿ ಬರೆದಿದ್ದರೆ ವಾದ ಕಷ್ಟ. ಬರೆಯದಿದ್ದರೆ ಅದು ಬರೀ ರೂಢಿ. ಮೊದಲು ಆ ಪತ್ರವನ್ನು ಹುಡುಕಿ ಓದಿ.

ಉತ್ತರ 2: ರಾಜಾಜಿನಗರದ ಮನೆ ಮಾಲೀಕ

ಮಾಲೀಕರ ಕಡೆಯ ಮಾತನ್ನೂ ಒಂದಿಷ್ಟು ಹೇಳುತ್ತೇನೆ. ನನ್ನ ಮೇಲಿನ ಮಹಡಿಯಲ್ಲಿದ್ದವರು ಏಳು ತಿಂಗಳು ಬಾಡಿಗೆ ಕೊಡದೆ ಕುಳಿತಾಗ, ಕರೆಂಟು ಬಿಲ್ಲನ್ನೂ ಸೇರಿಸಿ ನನ್ನನ್ನು ಉಳಿಸಿದ್ದು ಹತ್ತು ತಿಂಗಳ ಆ ಮುಂಗಡವೇ ಹೊರತು ಯಾವ ನ್ಯಾಯಾಲಯವೂ ಅಲ್ಲ. ಅವಧಿ ಮುಗಿದರೂ ಬಿಡದವರು ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಕೊಡಬೇಕೆಂದೂ ಅದೇ ಮಾದರಿ ಕಾಯಿದೆ ಹೇಳುತ್ತದೆ. ವಾಟ್ಸಾಪಿನಲ್ಲಿ ಆ ಸಾಲನ್ನು ಯಾರೂ ಕಳಿಸುವುದಿಲ್ಲ. ಅದರಲ್ಲಿ ಹೇಳಿರುವ ಬಾಡಿಗೆ ಪ್ರಾಧಿಕಾರ, ಬಾಡಿಗೆ ನ್ಯಾಯಾಲಯ ಎಂಬ ವ್ಯವಸ್ಥೆ ನಿಜವಾಗಿ ಬಂದು, ತಗಾದೆ ಕೆಲವೇ ತಿಂಗಳಲ್ಲಿ ಮುಗಿಯುವುದಾದರೆ ಎರಡು ತಿಂಗಳ ಮುಂಗಡಕ್ಕೆ ನಾನೇ ಮೊದಲು ಒಪ್ಪುತ್ತೇನೆ. ಆದರೆ ತೇವದ ಗೋಡೆಯ ಹಣವನ್ನು ಬಾಡಿಗೆದಾರರಿಂದ ವಸೂಲು ಮಾಡುವುದು ತಪ್ಪು. ಗೋಡೆಯೊಳಗಿನ ಪೈಪು ಸೋರಿದರೆ ಅವರೇನು ಮಾಡಬೇಕು?

ಉತ್ತರ 3: ಲೀಸಿಗೆ ಮನೆ ಹಿಡಿದು ಪೆಟ್ಟು ತಿಂದವನು

ನೀವು ಮುಂದೆ ಲೀಸ್ ಮನೆಗೆ ಹೋಗುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ. ತಿಂಗಳ ಬಾಡಿಗೆ ಉಳಿಯುತ್ತದೆಂಬ ಆಸೆಗೆ 12 ಲಕ್ಷ ರೂಪಾಯಿ ಕೊಟ್ಟು ಮೂರು ವರ್ಷಕ್ಕೆ ಮನೆ ಹಿಡಿದೆ. ಕರಾರು ಛಾಪಾ ಕಾಗದದ ಮೇಲಿತ್ತು, ನೋಟರಿಯ ಮೊಹರೂ ಇತ್ತು, ನೋಂದಣಿ ಮಾತ್ರ ಆಗಿರಲಿಲ್ಲ. ಒಂದು ವರ್ಷ ಮೀರಿದ ಲೀಸನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕೆಂಬುದು 1908ರ ನೋಂದಣಿ ಕಾಯಿದೆಯಲ್ಲಿದೆ. 11 ತಿಂಗಳ ಕರಾರು ಹುಟ್ಟಿಕೊಂಡದ್ದೇ ಈ ನಿಯಮವನ್ನು ತಪ್ಪಿಸಿಕೊಳ್ಳಲು. ಎರಡನೆಯ ವರ್ಷ ಬ್ಯಾಂಕಿನವರು ಗೇಟಿಗೆ ನೋಟಿಸ್ ಅಂಟಿಸಿದಾಗಲೇ ಮನೆ ಮೊದಲೇ ಅಡವಿದ್ದದ್ದು ತಿಳಿಯಿತು. ಹಣದಲ್ಲಿ ಅರ್ಧದಷ್ಟು ಇನ್ನೂ ಬಂದಿಲ್ಲ. ಆಸ್ತಿಯ ಮೇಲೆ ನೋಂದಣಿಯಾದ ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ (ಇ.ಸಿ.) ತೆಗೆಸದೆ, ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡದೆ ಲೀಸಿಗೆ ಹಣ ಕೊಡಬೇಡಿ. ಮೂಲಪತ್ರ ‘ಊರಲ್ಲಿದೆ’ ಎಂದರೆ ಅದು ಬ್ಯಾಂಕಿನಲ್ಲಿದೆ ಎಂದೇ ತಿಳಿಯಿರಿ.

ಉತ್ತರ 4: ಸಿವಿಲ್ ವಕೀಲ

ಒಂದು ಮಾತು ಬಿಟ್ಟುಹೋಗಿತ್ತು. ಖಾಲಿ ಮಾಡುವುದನ್ನು ಬರಹದಲ್ಲಿ ತಿಳಿಸಿ. ಬೀಗದ ಕೈ ಕೊಡುವ ದಿನ ಪ್ರತಿ ಕೋಣೆಯ ಫೋಟೊ ತೆಗೆದು, ಕೈ ಪಡೆದದ್ದಕ್ಕೆ ಮಾಲೀಕರ ಸಹಿ ಪಡೆಯಿರಿ. ಮುಂಗಡ ಬಾರದಿದ್ದರೆ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕೊಡಿಸಬಹುದು. ದಾವೆ ಹೂಡಲು ಮೂರು ವರ್ಷಗಳ ಕಾಲಮಿತಿ ಇದೆ. ಕೊನೆಯ ತಿಂಗಳುಗಳ ಬಾಡಿಗೆಯನ್ನು ಮುಂಗಡದಲ್ಲಿ ವಜಾ ಹಾಕಿಕೊಳ್ಳಿ ಎಂದು ನೀವಾಗಿಯೇ ನಿಲ್ಲಿಸಬೇಡಿ, ಆಗ ಬಾಕಿದಾರರು ನೀವಾಗುತ್ತೀರಿ.

ಪ್ರಶ್ನೆ ಕೇಳಿದವರು:

ಕರಾರು ಪತ್ರ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಸುಣ್ಣ-ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಎಂದು ಏಳನೆಯ ಷರತ್ತಿನಲ್ಲಿ ಸ್ಪಷ್ಟವಾಗಿಯೇ ಇದೆ, ಕೆಳಗೆ ನನ್ನದೇ ಸಹಿ ಇದೆ; ಆ 18,000 ರೂಪಾಯಿಯ ಮಾತು ಬಿಟ್ಟೆ. ನೀರಿನ ಪೈಪು ಮತ್ತು ಗೋಡೆಗಳ ದುರಸ್ತಿ ಮಾಲೀಕರದು ಎಂದು ಒಂಬತ್ತನೆಯ ಷರತ್ತು ಹೇಳುತ್ತದೆ. ಎರಡು ವರ್ಷದ ಹಿಂದೆ ಸೋರಿಕೆಯ ಬಗ್ಗೆ ಅವರಿಗೆ ಕಳಿಸಿದ್ದ ಸಂದೇಶವೂ ಫೋನಿನಲ್ಲಿ ಉಳಿದಿದೆ. ಇವತ್ತೇ ಎರಡನ್ನೂ ಅವರಿಗೆ ಕಳಿಸುತ್ತಿದ್ದೇನೆ.