ಅಪ್‌ಡೇಟ್: ಅಮೆರಿಕದಿಂದ ಬಳ್ಳಾರಿಗೆ ವಾಪಸ್, ಬೀಗ ಹಾಕಿದ್ದ ಮನೆ ಮತ್ತು ಉಳಿದ ಡಾಲರ್

ತಿಂಗಳುಗಟ್ಟಲೆ ಮಗಳ ಮನೆಯಲ್ಲಿದ್ದು ಬಳ್ಳಾರಿಗೆ ಮರಳಿದಾಗ ಮೊದಲು ಏನು ನೋಡಬೇಕು, ಉಳಿದ ಡಾಲರ್ ಏನು ಮಾಡಬೇಕು ಅಂತ ನಾವಿಬ್ಬರೂ ಕೇಳಿದ್ದೆವು. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ. ಇಬ್ಬರೂ ಕೂತು ಮಾತಾಡಿ ಇದನ್ನು ಬರೆದಿದ್ದೇವೆ.

ಎಲ್ಲಕ್ಕಿಂತ ಮುಖ್ಯ ನೀರು. ಸಂಪಿನ ಹಳೇ ನೀರು ಪೂರ್ತಿ ಖಾಲಿ ಮಾಡಿ, ತಳದ ಕೆಸರು ಉಜ್ಜಿ ತೊಳೆದ ಮೇಲೇ ತುಂಬಿಸಿ. 1,000 ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್ ಸಾಕು. ಬಕೆಟ್‌ನಲ್ಲಿ ಕಲಸಿ, ಗಸಿ ಕೆಳಗಿಳಿದ ಮೇಲೆ ತಿಳಿಯನ್ನಷ್ಟೇ ಸುರಿದು ಒಂದು ತಾಸು ಬಿಡಬೇಕು. ತೆರೆದಿಟ್ಟ ಹಳೇ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಹೊಸದೇ ತನ್ನಿ.

ಇನ್ವರ್ಟರ್ ಬ್ಯಾಟರಿಯ ನೀರು ನಮ್ಮ ಬಿಸಿಲಿಗೆ ಬೇಗ ಇಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್ ನೀರಿನ ಲವಣ ಪ್ಲೇಟುಗಳನ್ನು ಹಾಳುಮಾಡುತ್ತದೆ. ಚಾರ್ಜ್ ಇಳಿದು ತಿಂಗಳುಗಟ್ಟಲೆ ಬಿದ್ದ ಬ್ಯಾಟರಿ ಸಲ್ಫೇಟ್ ಕಟ್ಟಿಕೊಂಡು ಮತ್ತೆ ಚಾರ್ಜ್ ಹಿಡಿಯದೇ ಹೋಗಬಹುದು.

ನೋಟುಗಳನ್ನು 2,000 ಡಾಲರ್‌ವರೆಗೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಮರಳಿದ 180 ದಿನದೊಳಗೆ ಬ್ಯಾಂಕಿಗೆ ಕೊಡಬೇಕು. ಚಿಲ್ಲರೆ ನಾಣ್ಯ ಅಲ್ಲೇ ಖರ್ಚು ಮಾಡಿ ಬನ್ನಿ.

ದೊಡ್ಡವರಿಗೆ ಒಂದು ಮಾತು: ಮರಳಿದ ವಾರಗಳಲ್ಲಿ ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಪ್ರಯಾಣದ ದಣಿವೆಂದು ಬಿಡಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಡಾಕ್ಟರಿಗೆ ತೋರಿಸಿ.