ಯಂತ್ರ ಆರಿದ್ದಾಗ ತಪ್ಪಿಹೋಗುವ ಬ್ಯಾಕಪ್: ವಿಂಡೋಸ್, ಮ್ಯಾಕ್, ಉಬುಂಟುಗಳಲ್ಲಿ ನಿಗದಿತ ಕೆಲಸಗಳನ್ನು ನಡೆಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಪ್ರಕಾಶನ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಲೆಕ್ಕಪತ್ರದ ಮೇಜಿನಲ್ಲಿ ವಿಂಡೋಸ್ 11, ಪುಟವಿನ್ಯಾಸಕ್ಕೆ ಮ್ಯಾಕ್, ಕರಡು ತಿದ್ದುವವರ ಬಳಿ ಉಬುಂಟು ಇವೆ. ಪ್ರತಿಯೊಂದರಿಂದಲೂ ದಿನಕ್ಕೊಮ್ಮೆ ಕಡತಗಳು ಕಚೇರಿಯ ನಾಸ್ ಪೆಟ್ಟಿಗೆಗೆ (ನೆಟ್‌ವರ್ಕಿನ ಮೂಲಕ ಎಲ್ಲರೂ ಬಳಸುವ ಡಿಸ್ಕ್) ನಕಲಾಗಬೇಕೆಂದು ರಾತ್ರಿ 9 ಗಂಟೆಗೆ ಸಮಯ ನಿಗದಿ ಮಾಡಿದ್ದೇನೆ. ಗೊತ್ತಾದ ಹೊತ್ತಿಗೆ ಕೆಲಸ ಆರಂಭಿಸಲು ಉಬುಂಟುವಿನಲ್ಲಿ ಕ್ರಾನ್, ವಿಂಡೋಸ್‌ನಲ್ಲಿ ಟಾಸ್ಕ್ ಶೆಡ್ಯೂಲರ್ ಮತ್ತು ನಕಲು ಮಾಡುವ ರೋಬೋಕಾಪಿ ಆಜ್ಞೆ, ಮ್ಯಾಕ್‌ನಲ್ಲಿ ಲಾಂಚ್‌ಡಿ ಬಳಸಿದ್ದೇನೆ. ಆದರೆ ಸಂಜೆ ಬಾಗಿಲು ಹಾಕುವವರು ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತಾರೆ. ಮಳೆಗಾಲದ ಸಿಡಿಲನ್ನು ನೆನೆದರೆ ಅವರು ಮಾಡುವುದು ಸರಿಯೆಂದೇ ನನಗೂ ಅನಿಸುತ್ತದೆ. ಆದ್ದರಿಂದ ಅದನ್ನು ಬದಲಿಸಿ ಎಂದು ಕೇಳುವ ಇಚ್ಛೆ ನನಗಿಲ್ಲ.

ನನ್ನ ಪ್ರಶ್ನೆ ಇಷ್ಟು: ನಿಗದಿತ ಹೊತ್ತಿನಲ್ಲಿ ಯಂತ್ರ ಆರಿದ್ದರೆ, ಮರುದಿನ ಹೊತ್ತಿಸಿದಾಗ ತಪ್ಪಿದ ಕೆಲಸವನ್ನು ತಾನಾಗಿ ಮಾಡಿಸುವ ವ್ಯವಸ್ಥೆ ಈ ಮೂರರಲ್ಲಿಯೂ ಇದೆಯೇ? ಇದ್ದರೆ ಅದನ್ನು ಆಜ್ಞಾಸಾಲಿನಿಂದಲೇ ಹೊಂದಿಸಬಹುದೇ? ಕಿಟಕಿಗಳಲ್ಲಿ ಕ್ಲಿಕ್ಕಿಸಿ ಮಾಡಿದ ಹೊಂದಿಕೆಗೆ ಲಿಖಿತ ದಾಖಲೆ ಉಳಿಯುವುದಿಲ್ಲ. ನನ್ನ ನಂತರ ಬರುವವರಿಗೆ ಒಂದು ಸ್ಕ್ರಿಪ್ಟನ್ನು ಬಿಟ್ಟುಹೋಗಬೇಕೆಂಬುದು ನನ್ನ ಆಸೆ. ಇನ್ನೊಂದು ಸಂದೇಹವೂ ಇದೆ. ವಿಂಡೋಸ್‌ನಲ್ಲಿ ಕೆಲಸ ನಡೆದ ದಿನಗಳಲ್ಲಿಯೂ ಕೊನೆಯ ಫಲಿತಾಂಶದ ಜಾಗದಲ್ಲಿ ಸೊನ್ನೆಯ ಬದಲು 1 ಎಂದು ತೋರಿಸುತ್ತದೆ. ಇದು ದೋಷವೇ?

ಉತ್ತರ 1

ಮೊದಲು ಎಲ್ಲಕ್ಕಿಂತ ಸರಳವಾದ ಮಾತು: ಸಮಯವನ್ನು ರಾತ್ರಿ 9ರಿಂದ ಮಧ್ಯಾಹ್ನದ ಊಟದ ಬಿಡುವಿಗೆ, ಅಂದರೆ ಒಂದೂವರೆಯ ಸುಮಾರಿಗೆ ತನ್ನಿರಿ. ರಾತ್ರಿ ಬ್ಯಾಕಪ್ ಮಾಡುವ ಪದ್ಧತಿ ಹಗಲಿರುಳು ಓಡುವ ಸರ್ವರುಗಳಿಂದ ಬಂದದ್ದು. ಮೇಜಿನ ಮೇಲಿನ ಯಂತ್ರಕ್ಕೆ ಅದು ಹೊಂದುವುದಿಲ್ಲ. ತಪ್ಪಿದ ಕೆಲಸವನ್ನು ಹಿಡಿಯುವ ವ್ಯವಸ್ಥೆ ಇದರ ಮೇಲಿನ ಎರಡನೆಯ ಕಾವಲಾಗಿರಲಿ.

ಇನ್ನು ಉಬುಂಟುವಿನ ವಿಷಯ. ಕ್ರಾನ್ 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲಿಯೇ ಇದ್ದ ಸಾಧನ. ಅದು ನಿಮಿಷಕ್ಕೊಮ್ಮೆ ತನ್ನ ಪಟ್ಟಿಯನ್ನು ನೋಡಿ, ಈ ನಿಮಿಷಕ್ಕೆ ಹೊಂದುವ ಸಾಲಿದ್ದರೆ ಓಡಿಸುತ್ತದೆಯೇ ಹೊರತು, ಯಾವ ಕೆಲಸವನ್ನು ಕಡೆಯ ಬಾರಿ ಯಾವಾಗ ಮಾಡಿದೆ ಎಂಬ ನೆನಪನ್ನು ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಆರಿದ್ದ ಹೊತ್ತಿನ ಕೆಲಸ ಅದರ ಮಟ್ಟಿಗೆ ಇಲ್ಲವೇ ಇಲ್ಲ. ಈ ಕೊರತೆಯನ್ನು ತುಂಬಲು ಬಂದದ್ದು ಅನಾಕ್ರಾನ್. ಅದು ಪ್ರತಿ ಕೆಲಸದ ಕಡೆಯ ದಿನಾಂಕವನ್ನು ಒಂದು ಕಡತದಲ್ಲಿ ಬರೆದಿಟ್ಟು, ಗೊತ್ತುಪಡಿಸಿದಷ್ಟು ದಿನಗಳು ಕಳೆದಿವೆಯೇ ಎಂದು ನೋಡುತ್ತದೆ. ಅದರ ಲೆಕ್ಕ ದಿನಗಳಲ್ಲಿ ಮಾತ್ರ. ಗಂಟೆಗೊಮ್ಮೆ ಮಾಡಬೇಕಾದ ಕೆಲಸಗಳಿಗೆ ಅದು ಒದಗುವುದಿಲ್ಲ. ಅನಾಕ್ರಾನ್ ಇರುವ ಉಬುಂಟುವಿನಲ್ಲಿ ಕ್ರಾನ್.ಡೈಲಿ ಎಂಬ ಫೋಲ್ಡರಿನಲ್ಲಿಟ್ಟ ಸ್ಕ್ರಿಪ್ಟುಗಳನ್ನು ಅದೇ ನೋಡಿಕೊಳ್ಳುತ್ತದೆ. ಅಲ್ಲಿ ಒಂದು ಎಚ್ಚರಿಕೆ ಅಗತ್ಯ: ಆ ಫೋಲ್ಡರಿನ ಕಡತಗಳನ್ನು ಓಡಿಸುವ ರನ್‌ಪಾರ್ಟ್ಸ್ ಎಂಬ ಆಜ್ಞೆಯು ಹೆಸರಿನಲ್ಲಿ ಚುಕ್ಕಿ ಇರುವ ಕಡತವನ್ನು ಬಿಟ್ಟುಬಿಡುತ್ತದೆ. ಎಲ್ಲರಿಗೂ ರೂಢಿಯಾದಂತೆ ಹೆಸರಿನ ಕೊನೆಗೆ ಡಾಟ್ ಎಸ್‌ಎಚ್ ಎಂದು ಸೇರಿಸಿದರೆ ಸ್ಕ್ರಿಪ್ಟ್ ಎಂದಿಗೂ ಓಡುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ.

ಆದರೂ ಹೊಸದಾಗಿ ಹೊಂದಿಸುವವರಿಗೆ ನಾನು ಹೇಳುವುದು ಸಿಸ್ಟಮ್‌ಡಿಯ (ಉಬುಂಟುವಿನಲ್ಲಿ ಸೇವೆಗಳನ್ನು ಆರಂಭಿಸಿ ನಡೆಸುವ ವ್ಯವಸ್ಥೆ) ಟೈಮರನ್ನೇ. ಎರಡು ಪುಟ್ಟ ಕಡತಗಳು ಬೇಕು: ಏನು ಮಾಡಬೇಕೆಂದು ಹೇಳುವ ಸರ್ವಿಸ್ ಕಡತ, ಯಾವಾಗ ಮಾಡಬೇಕೆಂದು ಹೇಳುವ ಟೈಮರ್ ಕಡತ. ಟೈಮರಿನಲ್ಲಿ ಆನ್‌ಕ್ಯಾಲೆಂಡರ್ ಸಾಲಿನಲ್ಲಿ ಹೊತ್ತನ್ನು ಬರೆದು, ಪರ್ಸಿಸ್ಟೆಂಟ್ ಎಂಬುದನ್ನು ಟ್ರೂ ಎಂದಿಟ್ಟರೆ, ಕಡೆಯ ಬಾರಿ ಓಡಿದ ಸಮಯ ಡಿಸ್ಕಿನಲ್ಲಿ ಉಳಿಯುತ್ತದೆ. ಯಂತ್ರ ಹೊತ್ತಿಕೊಂಡ ಮೇಲೆ, ನಡುವೆ ಒಂದು ಸರದಿ ತಪ್ಪಿದ್ದರೆ ಕೆಲಸ ಕೂಡಲೇ ಆರಂಭವಾಗುತ್ತದೆ. ಹತ್ತು ದಿನ ರಜೆಯಿದ್ದರೂ ಓಡುವುದು ಒಮ್ಮೆ ಮಾತ್ರ. ಇದರೊಂದಿಗೆ ಸಿಸ್ಟಮ್‌ಸಿಟಿಎಲ್ ಆಜ್ಞೆಗೆ ಲಿಸ್ಟ್‌ಟೈಮರ್ಸ್ ಎಂದು ಸೇರಿಸಿದರೆ ಹಿಂದಿನ ಮತ್ತು ಮುಂದಿನ ಸರದಿ ಎರಡೂ ಕಣ್ಣಿಗೆ ಕಾಣುತ್ತವೆ. ದಾಖಲೆಗಳನ್ನು ತೋರಿಸುವ ಜರ್ನಲ್‌ಸಿಟಿಎಲ್ ಆಜ್ಞೆಗೆ ಆ ಸರ್ವಿಸಿನ ಹೆಸರು ಕೊಟ್ಟರೆ ಅದರ ಸಂದೇಶಗಳಷ್ಟೇ ಸಿಗುತ್ತವೆ. ಕ್ರಾನ್ ಬಳಸುವಾಗ ಇಂಥ ಸ್ಪಷ್ಟತೆಯನ್ನು ನಾವೇ ಕಟ್ಟಿಕೊಳ್ಳಬೇಕಾಗುತ್ತದೆ.

ನಿಮ್ಮ ಕಚೇರಿಯಲ್ಲಿ ಬೆಳಿಗ್ಗೆ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುವುದರಿಂದ, ಉಬುಂಟು ಸಿದ್ಧವಾದಾಗ ನಾಸ್ ಇನ್ನೂ ಎದ್ದಿರದ ಸಂಭವ ಹೆಚ್ಚು. ಆಗ ನಾಸ್‌ನ ಜಾಗ ಮೌಂಟ್ ಆಗಿರುವುದಿಲ್ಲ, ಅಂದರೆ ಉಬುಂಟುವಿನ ಫೋಲ್ಡರಿಗೆ ಜೋಡಣೆಯಾಗಿರುವುದಿಲ್ಲ. ನಕಲು ಮಾಡುವ ಆರ್‌ಸಿಂಕ್ ಆಜ್ಞೆ ಆ ಖಾಲಿ ಫೋಲ್ಡರಿಗೇ, ಅಂದರೆ ನಿಮ್ಮದೇ ಡಿಸ್ಕಿಗೆ, ನಕಲು ಮಾಡಿ ಯಶಸ್ವಿ ಎಂದು ಹೇಳಿಬಿಡುತ್ತದೆ. ಆದ್ದರಿಂದ ಸ್ಕ್ರಿಪ್ಟಿನ ಮೊದಲಲ್ಲಿಯೇ ಮೌಂಟ್‌ಪಾಯಿಂಟ್ ಆಜ್ಞೆಯಿಂದ ಪರೀಕ್ಷಿಸಿ, ಮೌಂಟ್ ಆಗಿಲ್ಲದಿದ್ದರೆ ದೋಷಸಂಕೇತದೊಂದಿಗೆ ಹೊರಬನ್ನಿ.

ಉತ್ತರ 2

ವಿಂಡೋಸ್ ಬಗ್ಗೆ ನಾನು ಬರೆಯುತ್ತೇನೆ. ರೋಬೋಕಾಪಿ 1 ಎಂದು ಹಿಂದಿರುಗಿಸುವುದು ದೋಷವಲ್ಲ. ಕಡತಗಳು ಸರಿಯಾಗಿ ನಕಲಾದವು ಎಂದು ಅದರ ಅರ್ಥ. ಸೊನ್ನೆ ಎಂದರೆ ನಕಲು ಮಾಡಲು ಹೊಸತೇನೂ ಇರಲಿಲ್ಲ ಎಂದು. 2 ಎಂದರೆ ಗುರಿಯ ಕಡೆ ಹೆಚ್ಚುವರಿ ಕಡತಗಳಿವೆ, 4 ಎಂದರೆ ಹೊಂದಿಕೆಯಾಗದವು ಇವೆ. ಇವು ಕೂಡಿಕೊಂಡು 3, 5 ಮುಂತಾಗಿಯೂ ಬರಬಹುದು. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ನಕಲು ವಿಫಲವಾಗಿದೆ. ಟಾಸ್ಕ್ ಶೆಡ್ಯೂಲರಿಗೆ ಈ ಒಳಗುಟ್ಟು ತಿಳಿಯದು. ನಿಮ್ಮ ಸ್ಕ್ರಿಪ್ಟಿನ ಕೊನೆಯಲ್ಲಿ, ಸಂಕೇತ 8ಕ್ಕಿಂತ ಕಡಿಮೆಯಿದ್ದರೆ ಸೊನ್ನೆಯೊಂದಿಗೆ ಮುಗಿಯುವಂತೆ ಬರೆದರೆ, ಫಲಿತಾಂಶದ ಅಂಕಣವನ್ನು ನೋಡಿದ ಯಾರಿಗೂ ಗೊಂದಲವಾಗುವುದಿಲ್ಲ.

ತಪ್ಪಿದ ಕೆಲಸವನ್ನು ಹಿಡಿಯುವ ಆಯ್ಕೆ ವಿಂಡೋಸ್‌ನಲ್ಲಿ ಇದೆ, ಆದರೆ ಅದು ತಾನಾಗಿ ಚಾಲೂ ಇರುವುದಿಲ್ಲ. ಇಲ್ಲಿ ಅನೇಕರು ತೊಡಕಿಗೆ ಸಿಲುಕುತ್ತಾರೆ: ಹಳೆಯ ಎಸ್‌ಸಿಎಚ್‌ಟಾಸ್ಕ್ಸ್ ಆಜ್ಞೆಯ ಸ್ವಿಚ್ಚುಗಳಲ್ಲಿ ಈ ಆಯ್ಕೆಗೆ ಜಾಗವೇ ಇಲ್ಲ, ಎಕ್ಸ್‌ಎಂಎಲ್ ಕಡತವೊಂದನ್ನು ತಯಾರಿಸಿ ಅದರ ಮೂಲಕ ಕೊಡಬೇಕು. ಅದಕ್ಕಿಂತ ವಿಂಡೋಸ್‌ನ ಹೊಸ ಆಜ್ಞಾಸಾಲಾದ ಪವರ್‌ಶೆಲ್ ಸುಲಭ. ನ್ಯೂ-ಶೆಡ್ಯೂಲ್ಡ್‌ಟಾಸ್ಕ್‌ಸೆಟ್ಟಿಂಗ್ಸ್‌ಸೆಟ್ ಎಂಬ ಆಜ್ಞೆಗೆ ಸ್ಟಾರ್ಟ್‌ವೆನ್‌ಅವೈಲಬಲ್ ಸ್ವಿಚ್ಚನ್ನು ಕೊಟ್ಟು, ಬಂದ ಫಲವನ್ನು ರಿಜಿಸ್ಟರ್-ಶೆಡ್ಯೂಲ್ಡ್‌ಟಾಸ್ಕ್‌ಗೆ ಒಪ್ಪಿಸಿದರೆ ಮುಗಿಯಿತು. ನೀವು ಬಯಸಿದ ಲಿಖಿತ ದಾಖಲೆಯೂ ಅದೇ ಆಗುತ್ತದೆ. ಹೀಗೆ ತಡವಾಗಿ ಹಿಡಿದ ಕೆಲಸ ಯಂತ್ರ ಹೊತ್ತಿದ ಕ್ಷಣದಲ್ಲಿಯೇ ಆರಂಭವಾಗುವುದಿಲ್ಲ, ಸಾಮಾನ್ಯವಾಗಿ 10 ನಿಮಿಷಗಳ ವಿಳಂಬ ಇರುತ್ತದೆ. ನಾಸ್ ಏಳುವುದಕ್ಕೆ ಅಷ್ಟು ಹೊತ್ತು ಸಾಕು, ಹಾಗಾಗಿ ಇಲ್ಲಿ ಅದು ಅನುಕೂಲವೇ.

ನಮ್ಮ ಕಡೆಯ ಕಚೇರಿಗಳಲ್ಲಿ ಮರೆಯಬಾರದ ಇನ್ನೊಂದು ಸಂಗತಿಯಿದೆ. ನಿಗದಿತ ಕೆಲಸಕ್ಕೆ, ಬೇರೆ ರೀತಿ ಹೇಳದಿದ್ದರೆ, ಬ್ಯಾಟರಿಯ ಮೇಲೆ ಓಡುವಾಗ ಆರಂಭಿಸಬೇಡ, ನಡುವೆ ಬ್ಯಾಟರಿಗೆ ಹೋದರೆ ನಿಲ್ಲಿಸು ಎಂಬ ಎರಡು ಷರತ್ತುಗಳು ಅಂಟಿಕೊಂಡಿರುತ್ತವೆ. ಇದು ಲ್ಯಾಪ್‌ಟಾಪಿಗೆ ಮಾತ್ರ ಎಂದು ಭಾವಿಸಬೇಡಿ. ಯುಎಸ್‌ಬಿ ತಂತಿಯಿಂದ ಯುಪಿಎಸ್ ಜೋಡಿಸಿದ ಡೆಸ್ಕ್‌ಟಾಪಿಗೂ ವಿಂಡೋಸ್ ಆ ಯುಪಿಎಸ್ಸನ್ನು ಬ್ಯಾಟರಿಯೆಂದೇ ಪರಿಗಣಿಸುತ್ತದೆ. ಕರೆಂಟು ಹೋಗಿ ಬರುವ ಊರಿನಲ್ಲಿ ನಕಲು ನಡುವೆಯೇ ನಿಂತುಹೋಗುವುದಕ್ಕೆ ಇದು ಕಾರಣವಾಗಬಹುದು. ಮೇಲಿನ ಅದೇ ಆಜ್ಞೆಯಲ್ಲಿ ಇವೆರಡನ್ನೂ ತೆಗೆಯುವ ಸ್ವಿಚ್ಚುಗಳಿವೆ.

ಉಳಿದದ್ದು ರೋಬೋಕಾಪಿಯ ಹೊಂದಿಕೆ. ಹಗಲಿನಲ್ಲಿ ಓಡುವಾಗ ಯಾರಾದರೂ ಕಡತವನ್ನು ತೆರೆದಿಟ್ಟಿರುತ್ತಾರೆ. ಓದಲಾಗದ ಕಡತವನ್ನು ಅದು ತಾನಾಗಿ 10 ಲಕ್ಷ ಬಾರಿ, ಪ್ರತಿ ಸಲ 30 ಸೆಕೆಂಡು ಕಾದು, ಮರಳಿ ಪ್ರಯತ್ನಿಸುತ್ತದೆ; ಅಂದರೆ ಒಂದೇ ಕಡತದ ಮುಂದೆ ನಿಂತುಬಿಡುತ್ತದೆ. ಮರುಪ್ರಯತ್ನವನ್ನು ಎರಡಕ್ಕೆ, ಕಾಯುವಿಕೆಯನ್ನು ಐದು ಸೆಕೆಂಡಿಗೆ ಇಳಿಸಿ. ಎಂಐಆರ್ ಎಂಬ ಆಯ್ಕೆ ಬಳಸುತ್ತಿದ್ದರೆ, ಮೂಲದಲ್ಲಿ ಅಳಿಸಿದ ಕಡತ ನಾಸ್‌ನಲ್ಲಿಯೂ ಅಳಿಯುತ್ತದೆ ಎಂಬುದು ಗಮನದಲ್ಲಿರಲಿ. ಹಸ್ತಪ್ರತಿಗಳನ್ನು ಕಾಯುವ ಪ್ರಕಾಶನಕ್ಕೆ ಅದು ಸೂಕ್ತವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಡೆಯದಾಗಿ, ಝಡ್ ಡ್ರೈವ್ ಎಂದು ಜೋಡಿಸಿಕೊಂಡ ನಾಸ್ ನಿಮ್ಮ ಲಾಗಿನ್ನಿಗೆ ಮಾತ್ರ ಕಾಣುತ್ತದೆ. ಬಳಕೆದಾರ ಇರಲಿ ಬಿಡಲಿ ಓಡಬೇಕಾದ ಕೆಲಸಕ್ಕೆ ನಾಸ್‌ನ ಪೂರ್ತಿ ನೆಟ್‌ವರ್ಕ್ ವಿಳಾಸವನ್ನೇ ಕೊಡಿ, ಪಾಸ್‌ವರ್ಡ್ ಉಳಿಸಬೇಡ ಎಂಬ ಗುರುತನ್ನು ಹಾಕಬೇಡಿ; ಹಾಕಿದರೆ ಆ ಕೆಲಸಕ್ಕೆ ನೆಟ್‌ವರ್ಕಿನ ಪ್ರವೇಶವಿರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಮೌಂಟ್ ಪರೀಕ್ಷೆಯ ಮಾತು ನನಗೆ ಹೊಳೆದೇ ಇರಲಿಲ್ಲ. ಇದರ ಜೊತೆಗೇ ಇನ್ನೊಂದನ್ನು ಕೇಳುತ್ತೇನೆ. ನಮ್ಮ ಫೋಲ್ಡರುಗಳ ಹೆಸರುಗಳೆಲ್ಲ ಕನ್ನಡದಲ್ಲಿವೆ. ವಿಂಡೋಸ್‌ನ ಲಾಗ್ ಕಡತದಲ್ಲಿ ಅವು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತವೆ. ಮ್ಯಾಕ್‌ಗೆ ಜೋಡಿಸಿದ ಹಳೆಯ ಹೊರ ಡಿಸ್ಕಿನಿಂದ ಬಂದ ಕೆಲವು ಕಡತಗಳು ನಾಸ್‌ನಲ್ಲಿ ಒಂದೇ ಹೆಸರಿನಲ್ಲಿ ಎರಡೆರಡು ಇರುವಂತೆ ಕಾಣುತ್ತಿವೆ.

ಉತ್ತರ 3

ಮ್ಯಾಕ್‌ನ ನಿಗದಿಯ ವಿಷಯವನ್ನು ಮೊದಲು ಮುಗಿಸುತ್ತೇನೆ. ಲಾಂಚ್‌ಡಿ 2005ರ ಟೈಗರ್ ಆವೃತ್ತಿಯೊಂದಿಗೆ ಬಂದಿತು. ಅದರ ಸ್ಟಾರ್ಟ್‌ಕ್ಯಾಲೆಂಡರ್‌ಇಂಟರ್ವಲ್ ಹೊಂದಿಕೆಯಲ್ಲಿ, ನಿಗದಿತ ಹೊತ್ತಿಗೆ ಮ್ಯಾಕ್ ನಿದ್ರೆಯಲ್ಲಿದ್ದರೆ ಎಚ್ಚರವಾದ ಕೂಡಲೇ ಕೆಲಸ ನಡೆಯುತ್ತದೆ, ಹಲವು ಸರದಿ ತಪ್ಪಿದ್ದರೂ ಒಮ್ಮೆ ಮಾತ್ರ. ಆದರೆ ಪೂರ್ತಿ ಆರಿದ್ದರೆ ಆ ಸರದಿ ಹೋದಂತೆಯೇ. ಪಿಎಂಸೆಟ್ ಆಜ್ಞೆಯಿಂದ ಮ್ಯಾಕನ್ನು ಗೊತ್ತಾದ ಹೊತ್ತಿಗೆ ತಾನಾಗಿ ಹೊತ್ತಿಕೊಳ್ಳುವಂತೆ ಮಾಡಬಹುದು, ಮೇನ್ ಸ್ವಿಚ್ಚೇ ಆರಿರುವಾಗ ಅದರಿಂದ ಪ್ರಯೋಜನವಿಲ್ಲ. ನಿಮಗೆ ಒದಗುವ ದಾರಿ ಹೀಗಿದೆ: ರನ್‌ಅಟ್‌ಲೋಡ್ ಎಂಬುದನ್ನೂ ಟ್ರೂ ಮಾಡಿ, ಆಗ ಪ್ರತಿ ಆರಂಭದಲ್ಲಿ ಸ್ಕ್ರಿಪ್ಟ್ ಓಡುತ್ತದೆ, ಕೆಲಸ ಯಶಸ್ವಿಯಾದಾಗ ದಿನಾಂಕವನ್ನು ಒಂದು ಪುಟ್ಟ ಕಡತದಲ್ಲಿ ಬರೆದಿಟ್ಟು, ಮುಂದಿನ ಬಾರಿ ಅದು ಇಂದಿನದೇ ಆಗಿದ್ದರೆ ಸುಮ್ಮನೆ ಮುಗಿಯುವಂತೆ ಸ್ಕ್ರಿಪ್ಟನ್ನು ಬರೆಯಿರಿ. ಅನಾಕ್ರಾನ್ ಮಾಡುವುದನ್ನೇ ನಾವು ಕೈಯಾರೆ ಮಾಡಿದಂತೆ. 2019ರ ಕ್ಯಾಟಲಿನಾದಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರುಗಳಿಗೂ ನೆಟ್‌ವರ್ಕ್ ಡಿಸ್ಕುಗಳಿಗೂ ಪ್ರತ್ಯೇಕ ಅನುಮತಿ ಬೇಕಾಗಿದೆ. ಕೈಯಿಂದ ಓಡಿಸಿದಾಗ ನಡೆಯುವ ಸ್ಕ್ರಿಪ್ಟ್ ನಿಗದಿಯಲ್ಲಿ ಮಾತ್ರ ಸೋಲುತ್ತಿದ್ದರೆ ಮೊದಲು ಇದನ್ನೇ ನೋಡಿ.

ಈಗ ಕನ್ನಡದ ಹೆಸರುಗಳು. ವಿಂಡೋಸ್ ಸಾಮಾನ್ಯವಾಗಿ ಬಳಸುವ ಹಳೆಯ ಕೋಡ್ ಪೇಜುಗಳಲ್ಲಿ, ಅಂದರೆ ಅಕ್ಷರಗಳಿಗೆ ಸಂಖ್ಯೆ ಗೊತ್ತುಪಡಿಸುವ ಪಟ್ಟಿಗಳಲ್ಲಿ, ಕನ್ನಡಕ್ಕೆ ಸ್ಥಾನವಿಲ್ಲ. ಅಲ್ಲಿ ಕನ್ನಡ ಬಂದದ್ದೇ ಯುನಿಕೋಡಿನ ಮೂಲಕ. ಆದ್ದರಿಂದ ಹಳೆಯ ಕೋಡ್ ಪೇಜಿನಲ್ಲಿ ಬರೆದ ಲಾಗ್‌ನಲ್ಲಿ ನಮ್ಮ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗುವುದು ಸಹಜ. ರೋಬೋಕಾಪಿಗೆ ಲಾಗ್ ಬದಲು ಯುನಿಲಾಗ್ ಆಯ್ಕೆಯನ್ನು ಕೊಡಿ. ಬ್ಯಾಚ್ ಕಡತದೊಳಗೆ ಕನ್ನಡದ ಹೆಸರು ಬರೆಯಬೇಕಾದರೆ, ಮೊದಲ ಸಾಲುಗಳಲ್ಲಿ ಕೋಡ್ ಪೇಜನ್ನು 65001ಕ್ಕೆ ಬದಲಿಸಿ, ಕಡತವನ್ನು ಬಿಒಎಂ (ಕಡತದ ಮೊದಲಲ್ಲಿ ಬರುವ ಯುನಿಕೋಡಿನ ಗುರುತು) ಇಲ್ಲದ ಯುಟಿಎಫ್-8 ಎಂಬ ಯುನಿಕೋಡ್ ರೂಪದಲ್ಲಿ ಉಳಿಸಿ. ವಿಂಡೋಸ್ ಜೊತೆಗೆ ಬರುವ ಪವರ್‌ಶೆಲ್ 5.1ರಲ್ಲಿ ಇದಕ್ಕೆ ತಿರುಗುಮುರುಗು: ಅಲ್ಲಿ ಬಿಒಎಂ ಇದ್ದರೆ ಮಾತ್ರ ಕನ್ನಡವನ್ನು ಸರಿಯಾಗಿ ಓದುತ್ತದೆ.

ಎರಡೆರಡು ಕಡತಗಳ ಕಾರಣ ಇನ್ನೂ ಆಳದಲ್ಲಿದೆ. ಯುನಿಕೋಡಿನಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ, ಬಿಡಿಸಿ ಹಲವು ಸಂಕೇತಗಳಾಗಿಯೂ ಬರೆಯಬಹುದು. ಕೋಶ ಎಂಬಲ್ಲಿನ ಓಕಾರದ ಚಿಹ್ನೆ ಬಿಡಿಸಿದಾಗ ಮೂರು ಸಂಕೇತಗಳಾಗುತ್ತದೆ. ಈ, ಏ, ಐ, ಒ ಚಿಹ್ನೆಗಳು ಎರಡೆರಡಾಗುತ್ತವೆ. ಕಣ್ಣಿಗೆ ಎರಡೂ ರೂಪ ಒಂದೇ, ಲಿನಕ್ಸ್ ಕಡತವ್ಯವಸ್ಥೆಗೆ ಅವು ಬೇರೆ ಬೇರೆ ಹೆಸರುಗಳು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಎಲ್ಲ ಹೆಸರುಗಳನ್ನೂ ಬಿಡಿಸಿಯೇ ಇಡುತ್ತದೆ. 2017ರಲ್ಲಿ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್ ನಾವು ಕೊಟ್ಟ ರೂಪವನ್ನು ಹಾಗೆಯೇ ಉಳಿಸುತ್ತದೆ. ಹಾಗಾಗಿ ಒಂದೇ ಪುಸ್ತಕದ ಫೋಲ್ಡರ್ ಉಬುಂಟುವಿನಿಂದ ಒಮ್ಮೆ, ಹಳೆಯ ಡಿಸ್ಕಿನಿಂದ ಇನ್ನೊಮ್ಮೆ ಬಂದಾಗ ನಾಸ್‌ನಲ್ಲಿ ಎರಡಾಗಿ ನಿಲ್ಲುತ್ತದೆ. ಆರ್‌ಸಿಂಕ್‌ನ ಮೂರನೆಯ ಆವೃತ್ತಿಯಿಂದ ಐಕಾನ್ವ್ ಆಯ್ಕೆಯಿದೆ. ಅದರಲ್ಲಿ ಮ್ಯಾಕ್ ಕಡೆಗೆ ಯುಟಿಎಫ್-8-ಮ್ಯಾಕ್, ನಾಸ್ ಕಡೆಗೆ ಯುಟಿಎಫ್-8 ಎಂದು ಹೇಳಿದರೆ ಹೆಸರುಗಳು ಕೂಡಿದ ರೂಪಕ್ಕೆ ಬರುತ್ತವೆ. ಮ್ಯಾಕ್‌ನೊಂದಿಗೇ ಬರುವ ಆರ್‌ಸಿಂಕ್ ಇದಕ್ಕೆ ಸಾಲದು. ಹೊಸ ಆವೃತ್ತಿಯನ್ನು ಬೇರೆಯಾಗಿ ಹಾಕಿಕೊಳ್ಳಿ. ಈಗಾಗಲೇ ಇಬ್ಬಗೆಯಾದ ಕಡತಗಳನ್ನು ಮಾತ್ರ ಹೆಸರು ನೋಡಿ ಅಳಿಸಬೇಡಿ: ಎರಡರಲ್ಲಿಯೂ ಬೇರೆ ಬೇರೆ ದಿನದ ತಿದ್ದುಪಡಿಗಳು ಇರಬಹುದು. ಮೊದಲು ಡಿಫ್ ಆಜ್ಞೆಯಿಂದ ಹೋಲಿಸಿ, ವ್ಯತ್ಯಾಸವಿರುವವನ್ನು ಕರಡು ತಿದ್ದುವವರಿಗೆ ತೋರಿಸಿದ ಮೇಲೆಯೇ ಒಂದನ್ನು ತೆಗೆಯಿರಿ.